ಹುರಿಯದ ಹಿಟ್ಟು

ಟೈಲ್ಸು ಎಬ್ಬಿಸಲು ಎರಡು ಪೆಟ್ಟು ಸಾಕು. ಬಾಬು ಏಳೆಂಟು ಹಾಕುತ್ತಿದ್ದ. ಪುಣೆಯ ಖಡಕಿ ಬಡಾವಣೆಯ ಆ ಹಳೇ ಕಟ್ಟಡದ ಮೂರನೇ ಮಹಡಿಯ ಬಚ್ಚಲಲ್ಲಿ ಎದ್ದ ಸದ್ದಿಗೆ ಕೆಳಗಿನ ಮನೆಯವರು ಎರಡು ಸಲ ಮೇಲೆ ಬಂದು ಬಾಗಿಲು ಬಡಿದು, ಮರಾಠಿಯಲ್ಲಿ ಗೊಣಗಿ ಹೋಗಿದ್ದರು. ಬಾಬು ಕಿವಿಗೆ ಹಾಕಿಕೊಂಡಿರಲಿಲ್ಲ. ಅವನ ಸಿಟ್ಟು ಟೈಲ್ಸಿನ ಮೇಲಿರಲಿಲ್ಲ, ಕೆಳಗಿನ ಮನೆಯವರ ಮೇಲೂ ಇರಲಿಲ್ಲ. ಸೋಮವಾರ ಆಸ್ಪತ್ರೆಯ ತಕ್ಕಡಿ ತೋರಿಸಿದ ಅಂಕಿಯ ಮೇಲಿತ್ತು. ಏಳು ಕಿಲೋ ನೂರು ಗ್ರಾಂ.

ಬಾಬುವಿನ ಮಗಳು ಅವ್ವಮ್ಮನಿಗೆ ಹನ್ನೊಂದು ತಿಂಗಳು. ಹೊರಗಿನಿಂದ ನೋಡಿದರೆ ಕೂಸಿನ ಬಾಯಿ ಚಂದ. ಅತ್ತಾಗ ಮಾತ್ರ ಒಳಗಿನದು ಕಾಣುತ್ತಿತ್ತು: ಅಂಗುಳದ ನಡುವೆ, ಹಿಂದಿನವರೆಗೂ, ಒಂದು ಸೀಳು. ಬಾಯಿಗೆ ಹಾಕಿದ್ದರಲ್ಲಿ ಅರ್ಧ ಮೂಗಿನಿಂದ ಹೊರಗೆ ಬರುತ್ತಿತ್ತು. ಆಪರೇಶನ್ನು ಪುಕ್ಕಟೆ, ತಾರೀಖೂ ಕೊಟ್ಟಿದ್ದರು, ಇನ್ನೈದು ವಾರಕ್ಕೆ. ಆದರೆ ಅರವಳಿಕೆ ಕೊಡುವ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಏಳೂವರೆ ಕಿಲೋ ಆಗಬೇಕು, ಆಗದಿದ್ದರೆ ಸೂಜಿ ಇಲ್ಲ. ಈ ತಾರೀಖು ತಪ್ಪಿದರೆ ಮುಂದಿನದು ಮಳೆಗಾಲ ಕಳೆದ ಮೇಲೆ. ಅಷ್ಟರೊಳಗೆ ಕೂಸು ಮಾತಾಡಲು ಶುರು ಮಾಡುತ್ತದೆ. ಮೂಗಿನಲ್ಲಿ ಮಾತಾಡುವುದು ರೂಢಿಯಾಯಿತೆಂದರೆ, ಆಮೇಲೆ ಸೀಳು ಹೊಲಿದರೂ ಮಾತು ತಿದ್ದುವುದು ಕಷ್ಟ.

ಐದು ವಾರ, ನಾನೂರು ಗ್ರಾಂ. ಹೇಳಿದವರಿಗೇನು, ಕಾಗದದ ಮೇಲೆ ಬರೆದು ಕೈಗಿಟ್ಟರು. ಹೇಗೆ ಅಂತ ಕೇಳಿದರೆ, ಚೆನ್ನಾಗಿ ತಿನ್ನಿಸಿ ಅಂದರು. ತಿನ್ನಿಸುವುದು ಗೊತ್ತಿದ್ದರೆ ಕೂಸು ಹೀಗೆ ಯಾಕಿರುತ್ತಿತ್ತು?

ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚುವ ಹೊತ್ತಿಗೆ ಹೆಂಡತಿ ಶೀತಲಳ ಫೋನು ಬಂತು.

"ಮತ್ತ ಮೂಗಿನಾಗಿಂದ ಬಂತ್ರಿ. ಎರಡು ಚಮಚಾ ಒಳಗ ಹೋಗಿದ್ದವು, ಅವೂ ಬಂದವು."

"ಗಟ್ಟಿ ಮಾಡೀದಿ ಇಲ್ಲ? ಅಂಗನವಾಡಿ ಬಾಯಿ ಏನ್ ಹೇಳ್ಯಾಳ? ಚಮಚಾ ಬೋರಲ ಹಿಡದ್ರೂ ಗಂಜಿ ಬೀಳಬಾರ್ದು ಅಂತ ಹೇಳ್ಯಾಳ."

"ಗಟ್ಟಿ ಮಾಡಿದ್ರ ಸೀಳಿನ್ಯಾಗ ಸಿಗತದ. ಸೀನಿ ಸೀನಿ ಕೂಸು ಸುಸ್ತ ಆಗತದ, ಆಮ್ಯಾಲ ಬಾಯೇ ತಗಿಯೂದಿಲ್ಲ. ತಿಳಿ ಮಾಡಿದ್ರ ಬರೇ ನೀರು. ನೀವ ಬಂದು ಒಂದ್ ದಿನ ತಿನಸಿ ನೋಡ್ರಿ."

"ತಿನಸ್ತೀನಿ! ಟೈಲ್ಸೂ ನಾನ ಹಾಕ್ತೀನಿ, ಗಂಜಿನೂ ನಾನ ತಿನಸ್ತೀನಿ!" ಬಾಬು ಫೋನು ಕುಕ್ಕಿದ. ಶೀತಲಳ ತಪ್ಪು ಒಂದು ಕಾಳಿನಷ್ಟೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೂಗಿದ್ದಕ್ಕೆ ತನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು.

ಮನೆಯೊಡತಿ ಇಂದೂಬಾಯಿ ಬಾಗಿಲಲ್ಲಿ ನಿಂತಿದ್ದರು. ಧಾರವಾಡದ ಕಡೆಯವರು. ಮೂವತ್ತು ವರ್ಷ ಪುಣೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಬಾಬು ತಮ್ಮೂರ ಶಾಲೆಯಲ್ಲಿ ಟೀಚರಿಗೆ ಅನ್ನುವ ರೂಢಿಯಂತೆ ಅವರನ್ನು ಬಾಯಾರ ಎಂದೇ ಕರೆಯುತ್ತಿದ್ದ.

"ಕೂಸಿಗೆ ಎಷ್ಟು ತಿಂಗಳಾತು?" ಅಂದರು.

"ನಿಮ್ಮ ಬಚ್ಚಲ ಶನಿವಾರಕ್ಕ ಮುಗೀತದ್ರಿ. ಅದನ್ನ ಕೇಳ್ರಿ."

"ಬಚ್ಚಲ ಎಲ್ಲಿಗೂ ಓಡಿ ಹೋಗೂದಿಲ್ಲ. ಕೂಸಿಂದು ಹೇಳು ತಮ್ಮಾ."

ಬಾಬು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಓದಿದವರು ಕೇಳುವುದು ಕೇಳುತ್ತಾರೆ, ಕೇಳಿ "ಅಯ್ಯೋ ಪಾಪ" ಅನ್ನುತ್ತಾರೆ, ಆ ಪಾಪವನ್ನು ಕಟ್ಟಿಕೊಂಡು ಮನೆಗೆ ಹೋಗುವವರು ನಾವು. ಆದರೆ ಬಾಯಾರು ಚಹಾದ ಲೋಟ ತಂದು ಕಟ್ಟೆಯ ಮೇಲಿಟ್ಟು, ಸಿಮೆಂಟು ಧೂಳಿನಲ್ಲೇ ಒಂದು ಮಣೆ ಹಾಕಿಕೊಂಡು ಕೂತರು. ಎದ್ದು ಹೋಗುವ ಲಕ್ಷಣ ಕಾಣಲಿಲ್ಲ. ಚಹಾ ಮುಗಿಯುವಷ್ಟರಲ್ಲಿ ಬಾಬು ಎಲ್ಲ ಹೇಳಿದ್ದ. ಸೀಳು, ತಕ್ಕಡಿ, ತಾರೀಖು, ಗಟ್ಟಿ ಗಂಜಿ, ತಿಳಿ ಗಂಜಿ.

ಬಾಯಾರು ಪಾಪ ಅನ್ನಲಿಲ್ಲ. "ನೀರು ಹಾಕದನ ಗಟ್ಟಿ ಗಂಜಿ ತಿಳಿ ಆದರ?" ಅಂದರು.

"ಬಾಯಾರ, ನಾ ಏಳನೇತ್ತಾಗ ಸಾಲಿ ಬಿಟ್ಟಾಂವ ಖರೇ. ಆದ್ರ ಹುಚ್ಚ ಅಲ್ರಿ."

"ಹುಚ್ಚ ಅಂದೆನೇನು? ನನಗ ಶನಿವಾರದ ತನಕಾ ಟೈಮ್ ಕೊಡು."

ಮರುದಿನ ಅಡುಗೆಮನೆಯ ಕಿಟಕಿಯಲ್ಲಿ ಒದ್ದೆ ಬಟ್ಟೆಯ ಗಂಟೊಂದು ಕಂಡಿತು. ಮೊಳಕೆಕಾಳಿನ ಉಸಳಿ ಮಾಡುತ್ತಾರೆ ಅಂದುಕೊಂಡ. ಅದರ ಮರುದಿನ ಗಂಟಿನ ಸಂದಿಯಿಂದ ಗೋದಿಯ ಬಿಳೀ ಮೊಳಕೆ ಇಣುಕುತ್ತಿದ್ದವು. ಆಮೇಲೆ ಅವು ಬಾಲ್ಕನಿಯ ಬಿಸಿಲಲ್ಲಿ ಹಾಳೆಯ ಮೇಲೆ ಹರಡಿಕೊಂಡು ಒಣಗಿದವು. ಇಂಥ ಗೋದಿಯ ಉಸಳಿ ಯಾರು ತಿನ್ನುತ್ತಾರೋ ಎಂದು ಬಾಬು ತನ್ನ ಪಾಡಿಗೆ ಟೈಲ್ಸು ಕೂರಿಸಿದ.

ಶನಿವಾರ ಬಾಯಾರು ಅವನನ್ನು ಅಡುಗೆಮನೆಗೆ ಕರೆದರು. ಕಟ್ಟೆಯ ಮೇಲೆ ಎರಡು ಬಟ್ಟಲು. ಎರಡರಲ್ಲೂ ಒಂದೇ ಪಾತ್ರೆಯಿಂದ ಬಗ್ಗಿಸಿದ ಗಂಜಿ, ಚಮಚ ನೆಟ್ಟರೆ ಗೂಟದ ಹಾಗೆ ನಿಲ್ಲುವಷ್ಟು ಗಟ್ಟಿ. ಒಣಗಿದ ಮೊಳಕೆ ಕಾಳನ್ನು ತಿಕ್ಕಿ, ಬೇರು ಉದುರಿಸಿ, ಕುಟ್ಟಿ ಮಾಡಿದ ಹಿಟ್ಟು ಒಂದು ಪುಟ್ಟ ಡಬ್ಬಿಯಲ್ಲಿತ್ತು. ಅರ್ಧ ಚಮಚ ತೆಗೆದು ಒಂದು ಬಟ್ಟಲಿಗೆ ಹಾಕಿ ಕಲಸಿದರು.

"ಕೈಗೆ ಎಷ್ಟು ಬಿಸಿ ಅದ ನೋಡು. ಬೆರಳು ತಡಕೋಬೇಕು, ಅಷ್ಟ ಇರಬೇಕು."

ಬಾಬು ಬೆರಳಿಟ್ಟ. ತಡೆಯಿತು. ನೋಡುತ್ತಾ ನಿಂತ. ಐದು ನಿಮಿಷವೂ ಆಗಿರಲಿಲ್ಲ, ನೆಟ್ಟಗೆ ನಿಂತಿದ್ದ ಚಮಚ ವಾಲಿತು. ಬಾಯಾರು ಇನ್ನೊಮ್ಮೆ ಕಲಸಿ ಎತ್ತಿ ಸುರಿದರು. ಗಂಜಿ ಮಜ್ಜಿಗೆಯ ಹಾಗೆ ಧಾರೆಯಾಗಿ ಇಳಿಯಿತು. ಪಕ್ಕದ ಬಟ್ಟಲಲ್ಲಿ ಇನ್ನೊಂದು ಚಮಚ ಹಾಗೇ ಕಂಬದಂತೆ ನಿಂತಿತ್ತು.

ಬಾಬು ಬಟ್ಟಲೆತ್ತಿ ತಳ ನೋಡಿದ, ಮೂಸಿದ, ನಾಲಿಗೆಗೆ ಹಚ್ಚಿಕೊಂಡ.

"ಸಕ್ರಿ ಹಾಕೀರಿ."

"ನಾ ಹಾಕಿಲ್ಲ. ಅದ ಮಾಡಿಕೊಂಡದ."

"ಯಾವುದು?"

ಬಾಯಾರು ಕುಟ್ಟದೆ ಉಳಿದಿದ್ದ ಕಾಳಿನಲ್ಲಿ ಒಂದನ್ನು ತೆಗೆದು ಅವನ ಅಂಗೈ ಮೇಲಿಟ್ಟರು. "ಈ ತುದಿಗೆ ನೋಡು, ಇಲ್ಲೊಂದು ಕೂಸು ಮಲಗಿರತದ. ಉಳಿದದ್ದೆಲ್ಲಾ ಅದರ ಬುತ್ತಿ, ಬರೇ ಹಿಟ್ಟು. ಆದರ ಗಟ್ಟಿ ಹಿಟ್ಟು. ಕೂಸಿಗೆ ನುಂಗಲಿಕ್ಕೆ ಬರೂದಿಲ್ಲ."

ಬಾಬು ತಲೆ ಎತ್ತಿದ.

"ಒಣಗಿದ್ದಾಗ ಕಾಳಿನೊಳಗ ಒಂದು ಹಾರ್ಮೋನು ಇರತದ, ಮಲಗು, ಈಗ ಏಳಬ್ಯಾಡ, ಅಂತ ಹಿಡಕೊಂಡು ಇಟ್ಟಿರತದ. ನೀರು ಬಿತ್ತು ಅಂದರ ಅದರ ಜೋರು ಇಳೀತದ. ಆಗ ಕೂಸು ಎದ್ದು ಇನ್ನೊಂದು ಹಾರ್ಮೋನು ಬಿಡತದ. ಜಿಬ್ಬರೆಲಿನ್ ಅಂತ ಅದಕ್ಕ. ಈ ಸಿಪ್ಪಿ ಕೆಳಗ, ತೌಡು ಅಂತೀವಲ್ಲ, ಅಲ್ಲೊಂದು ತೆಳ್ಳಗಿನ ಪದರ. ಅಲ್ಲಿ ಹೋಗಿ ಮುಟ್ಟಸ್ತದ, ಕೂಸಿಗೆ ಹಸಿವಾಗೇದ ಅಂತ. ಆ ಪದರ ಅಮೈಲೇಸ್ ಅನ್ನೋ ಕಿಣ್ವ ತಯಾರು ಮಾಡತದ. ಕಿಣ್ವ ಹೋಗಿ ಗಟ್ಟಿ ಹಿಟ್ಟನ್ನ ಕಡಿದು ಕಡಿದು ಸಕ್ಕರಿ ಮಾಡತದ. ಸಕ್ಕರಿ ನೀರಾಗಿ ಕೂಸಿನ ಬಾಯಿಗೆ ಹೋಗತದ. ಎಲಿ ಬಂದು ಬಿಸಲು ಕಾಣೂ ತನಕಾ ಅದ ಅದರ ಊಟ."

ಬಾಬು ಕಾಳನ್ನೇ ನೋಡಿದ. ಅವನ ತಲೆಯಲ್ಲಿ ಅದು ತನ್ನದೇ ದಾರಿಯಲ್ಲಿ ಹೊಂದಿಕೊಂಡಿತು. "ಅಂದ್ರ ಜಿಬ್ಬರೆಲಿನ್ ನಮ್ಮ ಗುರಣ್ಣನ ಹಂಗ. ಮುಕಾದಮ. ತಾ ಏನೂ ಒಡಿಯೂದಿಲ್ಲ, ಬಂದು ಹೇಳಿ ಹೋಗತಾನ. ಹಾರಿ ಸುತ್ತಿಗಿ ಹಿಡದು ಒಡಿಯೋರು ಬ್ಯಾರೆ."

ಬಾಯಾರು ಜೋರಾಗಿ ನಕ್ಕರು. "ಮೂವತ್ತು ವರ್ಷ ನಾ ಹಿಂಗ ಹೇಳಬೇಕಾಗಿತ್ತು ನೋಡು!"

"ಕೂಸು ಹೇಳಿ ಕಳಿಸದಿದ್ರ?"

"ಕಾಳು ಅಡ್ಡ ಕೊಯ್ದು, ಕೂಸಿಲ್ಲದ ಅರ್ಧ ತೋಯಿಸಿಟ್ಟರ ಏನೂ ಆಗೂದಿಲ್ಲ. ಹಿಟ್ಟು ಹಿಟ್ಟಾಗೇ ಕೂಡತದ. ಕೂಸಿನ ಕಡೆಯಿಂದನ ಹೇಳಿಕಿ ಬರಬೇಕು. ಇಲ್ಲಾ, ನಾವು ಹೊರಗಿನಿಂದ ಅದರ ಪರವಾಗಿ ಎರಡು ಹನಿ ಜಿಬ್ಬರೆಲಿನ್ ಹಾಕಬೇಕು. ಆವಾಗ ಕೂಸಿಲ್ಲದ ಅರ್ಧನೂ ಕೆಲಸ ಮಾಡತದ. ಕಾಲೇಜಿನ್ಯಾಗ ಪ್ರತಿ ವರ್ಷ ಮಾಡಿ ತೋರಸ್ತಿದ್ದೆ."

ಉಳಿದ ಕಾಳನ್ನೆಲ್ಲ ಚೀಲಕ್ಕೆ ಸುರಿದು ಕೊಟ್ಟರು. ಹಾಲು, ಬೆಲ್ಲ, ಶೇಂಗಾ ಪುಡಿ ಹಾಕಿ ಎಷ್ಟು ಗಟ್ಟಿ ಬೇಕೋ ಅಷ್ಟು ಗಟ್ಟಿ ಗಂಜಿ ಮಾಡ್ರಿ. ಕುದಿಯುವಾಗ ಈ ಹಿಟ್ಟು ಹಾಕಬ್ಯಾಡ್ರಿ, ಬೆರಳು ತಡೆಯುವಷ್ಟು ಆರಲಿ. ತಿಳಿಯಾದ ಮೇಲೆ ಮತ್ತೊಂದು ಕುದಿ ಕುದಿಸಿ ಕೊಡ್ರಿ. ಒಂದು ಬಟ್ಟಲ ನೀರುಗಂಜಿಯ ಜಾಗದಲ್ಲಿ ಎರಡು ಬಟ್ಟಲ ಕಸುವು ಹೋಗ್ತದ. ಎಲ್ಲ ಹೇಳಿದರು. ಒಂದು ಮಾತು ಮಾತ್ರ ಹೇಳಲಿಲ್ಲ, ಯಾಕೆಂದರೆ ಹಾಗೆ ಮಾಡುವವರೂ ಇರುತ್ತಾರೆಂದು ಅವರಿಗೆ ಹೊಳೆಯಲೇ ಇಲ್ಲ.

ಭೋಸರಿಯಲ್ಲಿ ಅವರದು ತಗಡಿನ ಮಾಡಿನ ಒಂದು ಕೋಣೆ. ಭಾನುವಾರ ಬಾಬು ಇನ್ನೊಂದು ಕೆಲಸಕ್ಕೆ ಹೋದ ಮೇಲೆ ಅವನ ತಾಯಿ ಯಂಕವ್ವ ಚೀಲ ಬಿಚ್ಚಿದಳು. ಆರು ಮಕ್ಕಳನ್ನು ಹೆತ್ತು ನಾಲ್ವರನ್ನು ಉಳಿಸಿಕೊಂಡವಳು. ಕೂಸಿನ ಹೊಟ್ಟೆಯ ವಿಷಯದಲ್ಲಿ ಆಕೆಗೆ ಯಾರೂ ಪಾಠ ಹೇಳುವಂತಿರಲಿಲ್ಲ.

"ಹಸೀ ಹಿಟ್ಟು ಕೂಸಿಗೆ ಯಾರರೆ ಕೊಡ್ತಾರೇನು? ಹೊಟ್ಟಿ ಜಾಡಿಸಿಬಿಡತದ," ಎಂದು ಶೀತಲಳಿಗೆ ಹೇಳಿ, ಹಂಚಿಟ್ಟು, ಸಣ್ಣ ಉರಿಯಲ್ಲಿ ಕಾಳನ್ನು ಕೆಂಪಗೆ ಹುರಿದಳು. ಓಣಿಯ ತುಂಬ ಘಮಘಮ. ಎದುರುಮನೆಯ ಹೆಂಗಸು ಬಂದು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಹೋದಳು. ಆಮೇಲೆ ಕುಟ್ಟಿ, ಸೀರೆಯ ಸೆರಗಿನಲ್ಲಿ ಸೋಸಿ, ಡಬ್ಬಿ ತುಂಬಿ, ದೇವರ ಮುಂದೆ ಇಟ್ಟು ತೆಗೆದಳು. ಮೊಮ್ಮಗಳಿಗೆ ಮಾಡಿದ್ದರಲ್ಲಿ ಆಕೆ ಯಾವತ್ತೂ ಕೈ ಬಿಗಿ ಹಿಡಿದವಳಲ್ಲ.

ಸಂಜೆ ಬಾಬು ಕೈಕಾಲು ತೊಳೆಯುವುದನ್ನೂ ಬಿಟ್ಟು ಗಂಜಿಯ ಮುಂದೆ ಕೂತ. "ಇಬ್ಬರೂ ಬರ್ರಿ, ಬಂದು ನೋಡ್ರಿ," ಅಂದ. ಚಮಚ ನೆಟ್ಟ. ಬೆರಳಿಟ್ಟು ಬಿಸಿ ನೋಡಿದ. ಹಿಟ್ಟು ಹಾಕಿ ಕಲಸಿದ. ಶೀತಲ ಕೂಸನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಬಗ್ಗಿ ನೋಡಿದಳು. ಐದು ನಿಮಿಷವಾಯಿತು. ಹತ್ತಾಯಿತು. ಚಮಚ ನಿಂತೇ ಇತ್ತು. ಬಾಬು ಇನ್ನೆರಡು ಚಮಚ ಹಿಟ್ಟು ಹಾಕಿದ. ಗಂಜಿ ಇನ್ನೂ ಗಟ್ಟಿಯಾಯಿತು.

"ಬಾಯಾರು ಹೇಳಿದ ಮಂತ್ರ ದಾರ್ಯಾಗ ಮರತು ಬಂದಿ ಏನೋ?" ಯಂಕವ್ವ ನಕ್ಕಳು. ಆಕೆಯ ನಗುವಿನಲ್ಲಿ ಕೊಂಕಿರಲಿಲ್ಲ. ಬಾಬುವಿಗೆ ಅದು ಚುಚ್ಚಿತು. ಬಟ್ಟಲನ್ನು ದೂಡಿ ಎದ್ದ.

"ಓದಿದವರ ಆಟ ಇದು. ಕೆಲಸದಾಂವ ಹೆಂಗ ಬಾಯಿ ತಗದು ನೋಡ್ತಾನ ಅಂತ ನೋಡಾಕ ಮಾಡ್ಯಾರ. ಸಕ್ರಿ ಹಾಕಿದ್ರು, ನಂಗ ಆವತ್ತ ಗೊತ್ತಾಗಿತ್ತು."

"ನಿಮ್ಮನ್ನ ಹಂಗ ಆಡಸಿ ಆ ಮುದುಕಿಗೆ ಏನ್ ಸಿಗತದ್ರಿ?" ಶೀತಲ ಕೇಳಿದಳು.

ಬಾಯಾರು ಆ ವಾರ ಎರಡು ಸಲ ಫೋನು ಮಾಡಿದರು. ಬಾಬು ಎತ್ತಲಿಲ್ಲ.

ಶುಕ್ರವಾರ ಅಂಗನವಾಡಿಯ ತಕ್ಕಡಿಯಲ್ಲಿ ಅವ್ವಮ್ಮ ಏಳು ಕಿಲೋ ನೂರಾ ನಲವತ್ತು ತೂಗಿದಳು. ಹನ್ನೆರಡು ದಿನ ಹೋಗಿದ್ದವು. ಬಂದದ್ದು ನಲವತ್ತು ಗ್ರಾಂ. ಮಗುವನ್ನು ಹೊತ್ತು ಬರುವಾಗ ಬಾಬು ದಾರಿಯಲ್ಲಿ ಅಡ್ಡ ಬಂದ ರಿಕ್ಷಾದವನನ್ನು ಬೈದ, ಓಣಿಯ ನಾಯಿಯನ್ನು ಬೈದ. ಕೂಸು ಅವನ ಹೆಗಲ ಮೇಲೆ ಗಲ್ಲವಿಟ್ಟು ಅವನ ಕಿವಿ ಹಿಡಿದು ಎಳೆಯುತ್ತಿತ್ತು. ಎಷ್ಟು ಹಗುರವಿತ್ತೆಂದರೆ, ಭುಜಕ್ಕೆ ಒಂದು ಖಾಲಿ ಚೀಲ ಹಾಕಿಕೊಂಡಂತೆ.

ಮನೆಗೆ ಬಂದರೆ ಮಾಡಿನ ತಗಡಿನ ಮೇಲೆ ಒಂದು ಹಳೇ ಸೀರೆ ಹರಡಿತ್ತು. ಅದರ ಮೇಲೆ ಮೊಳಕೆ ಬಂದ ಗೋದಿ ಒಣಗುತ್ತಿತ್ತು.

"ಇದು ಯಾರು ಮಾಡಿದ್ದು?"

"ನಾನ," ಅಂದಳು ಶೀತಲ. "ನೀವು ಸಿಟ್ಟ ಮಾಡಿಕೊಂಡು ಕೂಡ್ರಿ. ನಂಗ ಸಿಟ್ಟಿಗೆ ಟೈಮಿಲ್ಲ. ಖಡಕಿ ಒಳಗ ಆಗಿದ್ದು ಭೋಸರಿ ಒಳಗ ಯಾಕ ಆಗೂದಿಲ್ಲ?"

ಅಂದು ಕೆಲಸವಿರಲಿಲ್ಲ. ಬಾಬು ಹೊಸ್ತಿಲ ಮೇಲೆ ಕೂತು ಕೂಸನ್ನು ಆಡಿಸುತ್ತಿದ್ದ. ಒಳಗೆ ಯಂಕವ್ವ ಒಲೆ ಹೊತ್ತಿಸಿ ಹಂಚಿಟ್ಟಳು. ಒಣಗಿದ ಕಾಳನ್ನು ಮೊರದಲ್ಲಿ ತಂದು ಹಂಚಿಗೆ ಸುರಿಯಲು ಕೈ ಎತ್ತಿದಳು. ಬಾಬುವಿಗೆ ಆಗ ಏನೋ ಹೊಳೆಯಿತು. ಬಾಯಾರ ಡಬ್ಬಿಯ ಹಿಟ್ಟು ಬೂದಿಯ ಹಾಗೆ ಬಿಳಿಯಿತ್ತು. ನಮ್ಮದು ಕೆಂಪಗೆ ಇತ್ತು.

"ಯವ್ವಾ, ನಿಲ್ಲು!"

ಯಂಕವ್ವ ಬೆಚ್ಚಿದಳು. ನಾಲ್ಕು ಕಾಳು ಹಂಚಿಗೆ ಬಿದ್ದು ಚಟಪಟ ಅಂದವು.

"ಹೋದ ಸಲನೂ ಹುರದಿದ್ದೇನು?"

"ಹುರೀದನ ಕೊಡ್ತಾರೇನೋ ಕೂಸಿಗೆ?"

"ಹುರದ ಕಾಳು ಬಿತ್ತಿದ್ರ ಹುಟ್ಟತದೇನವ್ವ?"

"ಹುಟ್ಟೂದಿಲ್ಲ. ಸತ್ತ ಹೋಗಿರತದ. ಆದ್ರ ನಾವೇನು ಬಿತ್ತಾಕ ಹೊಂಟೀವೇನು? ತಿನ್ನಾಕ ಹೊಂಟೀವಿ."

ಮಾತು ಸರಿಯೇ ಇತ್ತು. ಎದುರುತ್ತರ ಕೊಡುವಷ್ಟು ಓದು ಬಾಬುವಿಗಿರಲಿಲ್ಲ. ಬಾಯಾರಿಗೆ ಫೋನು ಮಾಡಿ ಕೇಳಬಹುದಿತ್ತು. ಎರಡು ಸಲ ಎತ್ತದೆ ಬಿಟ್ಟವನು ಈಗ ಯಾವ ಮುಖದಿಂದ ಮಾಡಬೇಕು? ಮಾತಾಡುವುದಕ್ಕಿಂತ ಮಾಡಿ ನೋಡುವುದು ಅವನಿಗೆ ಬರುತ್ತಿದ್ದ ಕೆಲಸ. ಶೀತಲಳಿಗೆ ಗಂಜಿ ಇಡಲು ಹೇಳಿದ. ತಾನು ಒಂದು ಹಿಡಿ ಹುರಿಯದ ಕಾಳು ತಿಕ್ಕಿ, ಒರಳಲ್ಲಿ ಕುಟ್ಟಿದ. ಬಿಳೀ ಹಿಟ್ಟಾಯಿತು. ನೆಲದ ಮೇಲೆ ಮೂರು ತಾಟು ಇಟ್ಟ. ಒಂದಕ್ಕೆ ಯಂಕವ್ವನ ಕೆಂಪು ಹಿಟ್ಟು. ಎರಡನೆಯದಕ್ಕೆ ಒಲೆಯಿಂದ ಇಳಿಸಿದ ಗಂಜಿ ಇನ್ನೂ ಕೊತಕೊತ ಅನ್ನುವಾಗಲೇ ಬಿಳೀ ಹಿಟ್ಟು. ಮೂರನೆಯದಕ್ಕೆ ಬೆರಳು ತಡೆಯುವಷ್ಟು ಆರಿದ ಮೇಲೆ ಬಿಳೀ ಹಿಟ್ಟು.

ಮೂವರೂ ನೆಲದ ಮೇಲೆ ಬಗ್ಗಿ ಕೂತರು. ಕೂಸು ನಾಲ್ಕನೆಯದಾಗಿ ಕೂತಿತು.

ಕೆಂಪು ಹಿಟ್ಟಿನದು ಮೊದಲಿನಂತೆ ಗಟ್ಟಿ. ಕುದಿಯುವುದಕ್ಕೆ ಹಾಕಿದ್ದೂ ಗಟ್ಟಿ. ಮೂರನೆಯದನ್ನು ಬಾಬು ಕಲಸುತ್ತಲೇ ಇದ್ದ. ಮೊದಲು ಚಮಚದ ತಳದಲ್ಲಿ ಏನೋ ಸಡಿಲಾದಂತೆ ಕೈಗೆ ಗೊತ್ತಾಯಿತು. ಆಮೇಲೆ ತಾಟಿನ ಅಂಚಿನಲ್ಲಿ ಹೊಳಪು ಬಂತು. ಆಮೇಲೆ ಗಂಜಿ ತಾಟಿನಲ್ಲಿ ತುಳುಕಿತು.

"ನೀರು ಹಾಕಿದ್ರೇನು?" ಶೀತಲ ಪಿಸುಗುಟ್ಟಿದಳು.

"ಎಲ್ಲಿ ಹಾಕೀನಿ? ನೀನ ನೋಡ್ಲಕತ್ತೀದಿ."

ಬಾಬು ಎದ್ದು ಕುಣಿಯಬೇಕಿತ್ತು. ತಾಯಿಯ ಮುಖ ನೋಡಿ ಕೂತೇ ಉಳಿದ. ಯಂಕವ್ವ ತನ್ನ ಕೆಂಪು ಹಿಟ್ಟಿನ ಡಬ್ಬಿಯನ್ನು ಸೆರಗಿನಡಿ ಎಳೆದುಕೊಂಡಿದ್ದಳು, ಅದನ್ನು ಯಾರೂ ನೋಡಬಾರದು ಅನ್ನುವಂತೆ. ಬಾಬು ಮೊದಲೇ ಹೇಳಿದ್ದಂತೆ ಕಾಳಿನೊಳಗಿದ್ದವರು ಹಾರೆ ಹಿಡಿದು ಕೆಲಸಕ್ಕೆ ನಿಂತ ಕೂಲಿಯವರು, ಅವರನ್ನು ಹಂಚಿನ ಮೇಲೆ ಸುಟ್ಟು ಹಾಕಿದ್ದೇನೆ ಎಂದು ಆಕೆಗೆ ಯಾರೂ ಹೇಳಬೇಕಿರಲಿಲ್ಲ. ಮೂರು ತಾಟು ಹೇಳಿದ್ದವು.

"ಈ ವಾರೆಲ್ಲಾ ನಾನ ಹಾಳು ಮಾಡಿದ್ನೇನೋ, ಬಾಬು?"

ಇಂಥ ಕಡೆ ಬಾಬುವಿನ ಬಾಯಿಯಿಂದ ಏನು ಬರುತ್ತದೆಂದು ಶೀತಲಳಿಗೆ ಗೊತ್ತಿತ್ತು. ಆಕೆ ಕೂಸನ್ನು ಹತ್ತಿರ ಎಳೆದುಕೊಂಡಳು. ಬಾಬು ತಾಯಿಯ ಸೆರಗಿನಡಿ ಕೈ ಹಾಕಿ ಡಬ್ಬಿ ತೆಗೆದು, ಒಂದು ಚಿಟಿಕೆ ಹಿಟ್ಟು ಬಾಯಿಗೆ ಹಾಕಿಕೊಂಡ.

"ಭಾಳ ರುಚಿ ಆಗೇದವ್ವ. ಬೆಲ್ಲ ತುಪ್ಪ ಹಾಕಿ ಉಂಡಿ ಕಟ್ಟು. ನಾವು ತಿನ್ನಮು," ಅಂದ. "ಹುರೀಬ್ಯಾಡ ಅಂತ ನಂಗೂ ಗೊತ್ತಿದ್ದಿಲ್ಲ. ನಿಂಗ ಹೆಂಗ ಗೊತ್ತಿರತದ?"

ಯಂಕವ್ವ ಕಣ್ಣೊರೆಸಿಕೊಂಡು, ಆದರೂ ಬಿಡದೆ, "ಹಸೀ ಹಿಟ್ಟು ಹೊಟ್ಟಿಗೆ ಆಗೂದಿಲ್ಲೋ," ಅಂದಳು.

"ತಿಳಿ ಆದ ಮ್ಯಾಲ ಕುದಸಬೇಕು. ಈಗ ಒಲಿ ಮ್ಯಾಲ ಇಡು. ಇದು ನಿನ್ನ ಕೆಲಸ. ನಿನ್ನಷ್ಟು ಹದ ನಂಗ ಬರೂದಿಲ್ಲ."

ಯಂಕವ್ವ ತಾಟನ್ನು ಎರಡೂ ಕೈಯಲ್ಲಿ ಹಿಡಿದು ಒಲೆಯ ಕಡೆ ಹೋದಳು. ಕುದಿದರೂ ಗಂಜಿ ಮತ್ತೆ ಗಟ್ಟಿಯಾಗಲಿಲ್ಲ. ಅದನ್ನು ಆರಿಸಿ, ಶೀತಲ ಕೂಸನ್ನು ನೆಟ್ಟಗೆ ಕೂರಿಸಿಕೊಂಡು ಮೊದಲ ಚಮಚ ಕೆನ್ನೆಯ ಕಡೆಯಿಂದ ಬಿಟ್ಟಳು. ಕೂಸು ಮುಖ ಕಿವುಚಿ, ಅಭ್ಯಾಸದಂತೆ ಸೀನಲು ಸಿದ್ಧವಾಯಿತು. ಸೀನು ಬರಲಿಲ್ಲ. ನುಂಗಿತು. ಕಣ್ಣು ಅರಳಿಸಿ ಚಮಚ ನೋಡಿತು. ಎರಡನೆಯದು. ಮೂಗಿನ ಒಂದು ಹೊಳ್ಳೆಯಲ್ಲಿ ಒಂದು ಹನಿ ಬಂತು, ಅಷ್ಟೇ. ಮೂರನೆಯದಕ್ಕೆ ತಾನೇ ಕೈಚಾಚಿತು. ತಾಟು ಬರಿದಾದಾಗ ಮೂವರು ದೊಡ್ಡವರೂ ಒಬ್ಬರ ಮುಖ ಒಬ್ಬರು ನೋಡದೆ, ಆ ಖಾಲಿ ತಾಟನ್ನೇ ನೋಡುತ್ತಿದ್ದರು.

ಸಂಜೆ ಬಾಬು ಬಾಯಾರಿಗೆ ಫೋನು ಮಾಡಿದ. ಹುರಿದ ವಿಷಯ ಹೇಳಿದ. ಮೂರು ತಾಟಿನ ವಿಷಯ ಹೇಳಿದ.

"ನನ್ನ ತಪ್ಪು ತಮ್ಮಾ," ಅಂದರು ಇಂದೂಬಾಯಿ. "ಕಿಣ್ವ ಕಾವಿಗೆ ಸಾಯತದ ಅಂತ ಮೂವತ್ತು ವರ್ಷ ಪಾಠ ಹೇಳಿದೆ. ಹುರೀಬ್ಯಾಡ್ರಿ ಅಂತ ಒಂದು ಮಾತು ಹೇಳೂದು ನೆನಪಾಗಲಿಲ್ಲ. ನಿಮ್ಮವ್ವನಿಗೆ ಏನೂ ಅನ್ನಬ್ಯಾಡ."

ಜಗಳಕ್ಕೆ ಒಂದಿಷ್ಟು ಮಾತು ಬಾಬು ಮೊದಲೇ ಜೋಡಿಸಿಟ್ಟುಕೊಂಡಿದ್ದ. ಓದಿದವರೊಬ್ಬರು ತನಗೆ 'ನನ್ನ ತಪ್ಪು' ಅಂದದ್ದನ್ನು ಅವನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು. ಜೋಡಿಸಿದ್ದೆಲ್ಲ ಎಲ್ಲಿ ಹೋಯಿತೋ, "ಬಚ್ಚಲದಾಗ ನೀರು ಎಲ್ಲೆರೆ ನಿಲ್ಲತದೇನ್ರಿ? ನಿಂತ್ರ ಹೇಳ್ರಿ, ಬಂದು ಇಳಿಜಾರು ಸರಿ ಮಾಡ್ತೀನಿ," ಅಂದ.

ಅಲ್ಲಿಂದ ಇಪ್ಪತ್ಮೂರು ದಿನ ಆ ಕೋಣೆಯಲ್ಲಿ ಗೋದಿ ನೆನೆಯುವುದು, ಮೊಳೆಯುವುದು, ಒಣಗುವುದು ನಿಲ್ಲಲಿಲ್ಲ. ಒಂದು ಬಟ್ಟೆ ಬಿಚ್ಚುವಾಗ ಇನ್ನೊಂದು ಗಂಟು ಕಟ್ಟಿರುತ್ತಿತ್ತು. ಯಂಕವ್ವ ಬೆರಳಿಟ್ಟು ಬಿಸಿ ನೋಡುವುದರಲ್ಲಿ ಎಷ್ಟು ಪಳಗಿದಳೆಂದರೆ, ಶೀತಲ ಹಿಟ್ಟು ಹಾಕಲು ಹೋದರೆ "ತಡೀ, ಇನ್ನೂ ಬಿಸಿ ಅದ, ಸಾಯ್ತಾವ," ಎಂದು ಗದರುತ್ತಿದ್ದಳು. ಏನು ಸಾಯುತ್ತವೆ ಎಂದು ಎದುರುಮನೆಯವಳು ಕೇಳಿದರೆ, "ಕೂಲಿಯವರು," ಅನ್ನುತ್ತಿದ್ದಳು. ದಿನಕ್ಕೆ ಐದು ಬಟ್ಟಲು. ಬಾಬು ಕೆಲಸದಿಂದ ಬಂದು ಐದನೆಯದನ್ನು ತಾನೇ ತಿನ್ನಿಸುತ್ತಿದ್ದ. ಏಳು ಇನ್ನೂರ ಅರವತ್ತು. ಏಳು ಮುನ್ನೂರ ತೊಂಬತ್ತು.

ಆಸ್ಪತ್ರೆಗೆ ಭರ್ತಿಯಾಗುವ ದಿನ ನಾಲ್ವರೂ ಹೋದರು. ಸಿಸ್ಟರ್ ಕೇತಕಿ ಕೂಸನ್ನು ತಕ್ಕಡಿಯ ಮೇಲೆ ಮಲಗಿಸಿದರು. ಏಳು ಕಿಲೋ ಐನೂರ ಅರವತ್ತು. ಬಾಬು ಉಸಿರು ಬಿಡುವಷ್ಟರಲ್ಲಿ ಸಿಸ್ಟರ್ ಕೂಸಿನ ಕಾಲಿನತ್ತ ಕೈ ತೋರಿಸಿ, ಬೆಳ್ಳಿ ಕಡಗ, ಉಡದಾರ, ತಾಯತ ಎಲ್ಲ ಬಿಚ್ಚಿರಿ ಎಂದು ಮರಾಠಿಯಲ್ಲಿ ಹೇಳಿದರು.

ಬಾಬು ಶೀತಲಳ ಕಿವಿಯ ಹತ್ತಿರ ಬಂದು, "ಕೂಸು ಮುಂಜಾನಿಂದ ಉಂಡಿಲ್ಲ. ತಡೀರಿ ಅಂತ ಹೇಳಿ, ಮೊದಲು ಒಂದು ಬಟ್ಟಲ ತಿನಸಮು. ಆಮ್ಯಾಲ ತೂಗಲಿ," ಅಂದ.

ಶೀತಲ ಅವನ ಮುಖವನ್ನೇ ನೋಡಿದಳು. "ಸೂಜಿ ತೂಕ ನೋಡಿ ಚುಚ್ಚತಾರಂತ. ಸುಳ್ಳು ತೂಕಕ್ಕ ಖರೇ ಸೂಜಿ ಚುಚ್ಚಿದ್ರ?"

ಯಂಕವ್ವ ಮುಂದೆ ಬಂದು, ನಾಮಕರಣದ ಬಾರಸಿಗೆ ತಾನೇ ಹಾಕಿದ್ದ ಕಡಗಗಳನ್ನು ಒಂದೊಂದಾಗಿ ಬಿಚ್ಚಿದಳು. ಉಡದಾರ ಬಿಚ್ಚಿದಳು. ತಾಯತವನ್ನು ಕಣ್ಣಿಗೊತ್ತಿಕೊಂಡು ತೆಗೆದಳು. ಕೂಸು ಬತ್ತಲೆ ಮಲಗಿ ಕಾಲು ಬಡಿಯುತ್ತಿತ್ತು. ಅಂಕಿ ಮೇಲೆ ಕೆಳಗೆ ಕುಣಿಯಿತು. ಸಿಸ್ಟರ್ ಅದರ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟು, ಕೈ ತೆಗೆದರು.

ಏಳು ಕಿಲೋ ಐನೂರ ಇಪ್ಪತ್ತು.

ಬಾಬು ಗೋಡೆಗೆ ಆತು ಕೂತುಬಿಟ್ಟ. ಸಿಸ್ಟರ್ ಅವನನ್ನು ದಾಟಿ ಹೋಗಿ, ಬರೆಯುವುದನ್ನು ಬರೆದುಕೊಂಡರು.

ಮರುದಿನದ ಬೆಳಗು ಅವನು ಯೋಚಿಸಿಯೇ ಇರದ ಬೆಳಗು. ಆಪರೇಶನ್ನಿಗೆ ಮುಂಚೆ ಕೂಸಿನ ಹೊಟ್ಟೆ ಖಾಲಿಯಿರಬೇ​ಕು. ಗಂಜಿಯಿಲ್ಲ, ಹಾಲಿಲ್ಲ, ಏನೂ ಇಲ್ಲ. ಐದು ವಾರ ಒಂದೊಂದು ಚಮಚಕ್ಕಾಗಿ ಜಗಳಾಡಿದವನ ಕೈಗೆ ಹಸಿದ ಕೂಸನ್ನು ಕೊಟ್ಟು, ಕೊಡಬೇಡ ಎಂದು ಹೇಳಿ ಹೋದರು. ಎಂಟು ಗಂಟೆಗೆ ಅವ್ವಮ್ಮ ಬಟ್ಟಲು ಹುಡುಕಿದಳು. ಎಂಟೂವರೆಗೆ ಅಳು ಶುರುವಾಯಿತು. ಶೀತಲಳ ಹತ್ತಿರ ಹೋದರೆ ಎದೆಗೆ ಬಾಯಿ ಹಾಕುತ್ತದೆಂದು ಬಾಬುವೇ ಎತ್ತಿಕೊಂಡು ವರಾಂಡದಲ್ಲಿ ತಿರುಗಿದ. ಈ ತುದಿಯಿಂದ ಆ ತುದಿ, ಆ ತುದಿಯಿಂದ ಈ ತುದಿ. ಬೈಯೋಣವೆಂದರೆ ಯಾರೂ ಇರಲಿಲ್ಲ. ಡಾಕ್ಟರು ಸರಿ, ಸಿಸ್ಟರ್ ಸರಿ, ಹಸಿವೂ ಸರಿ.

"ಇನ್ನೊಂದೀಟು ಹೊತ್ತವ್ವಾ. ನಮ್ಮವ್ವ ಅಲ್ಲ? ಇನ್ನೊಂದೀಟು ಹೊತ್ತು."

ತನ್ನ ದನಿ ಇಷ್ಟು ಮೆತ್ತಗಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಕೂಸು ಅತ್ತು ಅತ್ತು, ಅವನ ಅಂಗಿಯ ಗುಂಡಿ ಚೀಪಿ, ಬಿಕ್ಕಳಿಸುತ್ತ ಸುಮ್ಮನಾಯಿತು. ಅದರ ಭಾರ ಭುಜಕ್ಕೆ ಈಗ ತಿಳಿಯುತ್ತಿತ್ತು. ತೋಳು ಸೋತರೂ ಬದಲಾಯಿಸಲಿಲ್ಲ.

ಹತ್ತೂವರೆಗೆ ಹಸಿರು ಅಂಗಿಯ ಡಾಕ್ಟರಮ್ಮ ಬಾಗಿಲಿಗೆ ಬಂದರು. ಒಳಗೆ ಒಯ್ಯುವ ಮುಂಚೆ ಒಂದು ಸಲ ಅಂಗುಳ ನೋಡಬೇಕಂತೆ. ಸಣ್ಣ ಬ್ಯಾಟರಿ ಹಿಡಿದು, ಸಿಸ್ಟರ್‌ಗೆ ತಲೆ ಗಟ್ಟಿಯಾಗಿ ಹಿಡಿಯಿರಿ ಅಂದರು. ಇಂಥ ಮಕ್ಕಳು ಬಾಯಿ ತೆರೆಯುವುದೇ ಇಲ್ಲ, ಬಾಯಿಗೆ ಬಂದದ್ದೆಲ್ಲ ಇವಕ್ಕೆ ತ್ರಾಸು ಕೊಟ್ಟಿರುತ್ತದೆ, ಒತ್ತಿ ತೆರೆಯಬೇಕಾಗುತ್ತದೆ, ಎಂದು ಬಾಬುವಿಗೆ ಮೊದಲೇ ಹೇಳಿದರು. ಬಾಬು ಕಣ್ಣು ಮುಚ್ಚಿಕೊಂಡ.

ಅಳು ಕೇಳಲಿಲ್ಲ. ಕಣ್ಣು ತೆರೆದು ನೋಡಿದ.

ಡಾಕ್ಟರಮ್ಮನ ಕೈ ಹತ್ತಿರ ಬರುವುದನ್ನು ಕಂಡು ಅವ್ವಮ್ಮ ಕತ್ತು ಮುಂದೆ ಚಾಚಿದ್ದಳು. ಯಾರೂ ಹಿಡಿಯದೆ, ಯಾರೂ ಒತ್ತದೆ, ಹಕ್ಕಿಮರಿಯ ಹಾಗೆ ಬಾಯನ್ನು ಇಷ್ಟಗಲ ತೆರೆದುಕೊಂಡು, ಚಮಚ ಬಂದೇ ಬರುತ್ತದೆಂದು ಕಾಯುತ್ತಿದ್ದಳು.

"ಅರೇ!" ಅಂದರು ಡಾಕ್ಟರಮ್ಮ.

ಬಾಬು ಹಾಗೇ, ತೆರೆದ ಬಾಯಿಯ ಕೂಸನ್ನು, ಅವರ ಕೈಗೆ ಕೊಟ್ಟ.